ಹಿಟ್ಟು ತೊಳಸುವ ಕಟ್ಟೆ

ಗಿರಿಜಾಂಬ ಮೊದಲ ಸಲ ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ. ಹಾರೋಹಳ್ಳಿಯಿಂದ ಮರಳವಾಡಿಗೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಾರಕ್ಕ ಆಗತಾನೆ ಎರಡನೇ ಪಾತ್ರೆಗೆ ಎಸರಿಟ್ಟಿದ್ದಳು. ಫ್ಯಾಕ್ಟರಿಯವರು ಊಟಕ್ಕೆ ಬರುವಷ್ಟರಲ್ಲಿ ಎಂಬತ್ತು ಮುದ್ದೆ ಆಗಬೇಕಿತ್ತು. ಹೊಂಗೆ ಮರದ ಕೆಳಗೆ ಸ್ಕೂಟರು ನಿಂತಿತು. ಹೆಲ್ಮೆಟ್ಟು ತೆಗೆದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಹಳದಿ ಚೂಡಿದಾರ, ಧೂಳು ಹಿಡಿದ ಬೂಟು, ಹೆಗಲಿಗೊಂದು ಚೀಲ, ಕೈಯಲ್ಲಿ ಅಳತೆಯ ಟೇಪು. ಬೂಟನ್ನು ಹೊರಗೇ ಬಿಟ್ಟು ಒಳಗೆ ಬಂದಳು. ಹೊಗೆಗೆ ಎರಡು ಸಲ ಕೆಮ್ಮಿದಳು. ಆಮೇಲೆ ಒಂದು ಮಾತೂ ಆಡದೆ ಸೂರು, ಒಲೆ, ನೀರಿನ ಡ್ರಮ್ಮು, ಪಾತ್ರೆ ತೊಳೆಯುವ ಜಾಗ ಎಲ್ಲವನ್ನೂ ಒಂದೊಂದಾಗಿ ನೋಡತೊಡಗಿದಳು.

ಇವಳು ಫುಡ್ ಇನ್ಸ್‌ಪೆಕ್ಟರೇ ಇರಬೇಕೆಂದು ಮಾರಕ್ಕ ಅಂದುಕೊಂಡಳು. ಸೆರಗಿನಿಂದ ಕುರ್ಚಿ ಒರೆಸಿ ಕೂರಿಸಿದಳು. ಮಜ್ಜಿಗೆ ಕೊಟ್ಟಳು. ಮೊದಲ ಪಾತ್ರೆಯ ಮುದ್ದೆಯೊಂದನ್ನು ತಟ್ಟೆಗಿಟ್ಟು, ಉಪ್ಪುಸಾರು ಬಿಟ್ಟು, ಮೇಲೆ ಎರಡು ಚಮಚ ತುಪ್ಪ ಹಾಕಿದಳು. ಬಂದವಳು ಬೇಡವೆನ್ನಲಿಲ್ಲ. ಮುದ್ದೆ ಪೂರ್ತಿ ನುಂಗಿ ಕೈ ತೊಳೆದ ಮೇಲೆಯೇ ಹೇಳಿದಳು, ತಾನು ಆರ್ಕಿಟೆಕ್ಟು, ಹೊಸ ಮೆಸ್ಸು ಕಟ್ಟುವ ವಿಚಾರಕ್ಕೆ ಮಾರಕ್ಕನ ಮಗ ನರಸಯ್ಯ ಫೋನು ಮಾಡಿ ಕರೆಸಿದ್ದು ಎಂದು.

"ಅದ್ನ ಬತ್ತಿದ್ದಂಗೇ ಹೇಳಬಾರ್ದೇನವ್ವಾ? ಎರಡು ಚಮಚ ತುಪ್ಪ ದಂಡ ಆಯ್ತಲ್ಲ," ಎಂದಳು ಮಾರಕ್ಕ.

"ಹೇಳಿದ್ರೆ ನೀವು ತುಪ್ಪ ಹಾಕ್ತಿದ್ರಾ?"

ಅಲ್ಲಿಗೆ ಇಬ್ಬರಿಗೂ ಹೊಂದಿಕೊಂಡಿತು. ಅವಳು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವಳು, ರಾಗಿ ಬೆಳೆಯುವ ಪಂಚಾಕ್ಷರಯ್ಯನ ಮಗಳು, ಹೆಸರು ಅಜ್ಜಿಯದು, ಮನೆಯಲ್ಲಿ ಕಾಲೇಜು ಕಂಡವಳು ಅವಳೇ ಮೊದಲು, ಇದೆಲ್ಲ ಅವತ್ತೇ ಮಾರಕ್ಕನಿಗೆ ತಿಳಿಯಿತು. ಮಾರಕ್ಕನೂ ತನ್ನ ಕಷ್ಟ ಹೇಳಿಕೊಂಡಳು. ಹದಿನಾರು ವರ್ಷದಿಂದ ಪಾತ್ರೆ ನೆಲಕ್ಕಿಟ್ಟು, ಕುಕ್ಕರುಗಾಲಲ್ಲಿ ಕೂತು ಕೋಲಿನಿಂದ ಹಿಟ್ಟು ತೊಳಸಿ ಮಂಡಿ ಸವೆದಿತ್ತು. ಇನ್ನು ನೆಲಕ್ಕೆ ಕೂರಲೇಬಾರದೆಂದು ಡಾಕ್ಟರು ಹೇಳಿದ್ದರು. ತೊಳಸಲು ಆಳು ಇಡೋಣವೆಂದು ನರಸಯ್ಯ ಅಂದಿದ್ದ. ಮಾರಕ್ಕನಿಗೆ ಆ ಮಾತೇ ಆಗದು. ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿತೆಂದು ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ. "ನಾನು ತೊಳಸಕ್ಕಾಗ್ದಿದ್ರೆ ಮೆಸ್ಸೇ ಬ್ಯಾಡ ಕಣವ್ವ, ಬಾಗ್ಲು ಹಾಕ್ಬುಡ್ತೀನಿ," ಎಂದಳು.

ಮುಂದಿನ ಆರು ತಿಂಗಳು ಗಿರಿಜಾಂಬನನ್ನು ಜನ ಏನೇನೋ ಅಂದುಕೊಂಡರು. ಪಕ್ಕದ ಜಮೀನಿನ ಮರಿಯಪ್ಪ ಸರ್ವೆಯವಳು ಬಂದಳೆಂದು ಜಗಳಕ್ಕೇ ಬಂದ. ಅವಳು ಟೇಪಿನ ಒಂದು ತುದಿಯನ್ನು ಅವನ ಕೈಗೇ ಕೊಟ್ಟು ಅಳೆಸಿದಳು. ಅವನ ಜಾಗ ಒಂದಿಂಚೂ ಒತ್ತುವರಿಯಾಗಿಲ್ಲವೆಂದು ಅವನ ಕಣ್ಣೇ ಒಪ್ಪಿದ ಮೇಲೆ, ಎರಡು ಎಳನೀರು ಕೆತ್ತಿಕೊಟ್ಟು ಹೋದ. ಪಂಚಾಯಿತಿ ಆಫೀಸಿನಲ್ಲಿ ಅವಳು ನಾಲ್ಕು ಸಲ ಸಾಲಿನಲ್ಲಿ ನಿಂತದ್ದು ಕಂಡು ಅಲ್ಲಿಯ ಗುಮಾಸ್ತ ಲಾಯರಮ್ಮ ಎಂದು ಕರೆಯತೊಡಗಿದ. ಮುಂದುಗಡೆ ಪೂರ್ತಿ ಗಾಜು ಬೇಕೆಂದು ಮಗ, ಹೊಗೆ ಹೋಗಲು ಕಿಟಕಿ ಬೇಕೆಂದು ತಾಯಿ ಮುಖ ತಿರುಗಿಸಿಕೊಂಡಾಗ, ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳಿ ಒಂದೇ ನಕ್ಷೆ ತಂದಳು. ಅದನ್ನು ನೋಡಿ ಇಬ್ಬರೂ ಗೆದ್ದೆವೆಂದುಕೊಂಡರು. ಗಾರೆ ಮೇಸ್ತ್ರಿ ಕರಿಯಪ್ಪನಿಗೆ ಮಾತ್ರ ಬಹಳ ದಿನ ಅನುಮಾನವೇ. ಈಯಮ್ಮ ಕೆಲಸ ಕಲಿಯಲು ಬಂದಿರಬೇಕು, ಇಷ್ಟೊಂದು ಕೇಳುತ್ತದೆ ಎಂದು ಆಳುಗಳ ಹತ್ತಿರ ಹೇಳುತ್ತಿದ್ದ.

ಸೂರಿಗೆ ಕಾಂಕ್ರೀಟು ಬಿತ್ತು, ಗೋಡೆಗೆ ಗಾರೆಯಾಯಿತು, ಅಡುಗೆಮನೆಯ ಕಟ್ಟೆಯೂ ಎದ್ದಿತು. ಕಾಲೇಜಿನ ಪುಸ್ತಕದಲ್ಲಿದ್ದ ಹಾಗೆ ಮೂವತ್ತಮೂರು ಇಂಚು. ಒಂದು ಪಾತ್ರೆ ತೊಳಸಿ ನೋಡೋಣವೆಂದು ಮಾರಕ್ಕ ಹುರುಪಿನಿಂದ ಬಂದಳು. ಅವಳ ಎತ್ತರವೇ ನಾಲ್ಕು ಅಡಿ ಹತ್ತಿಂಚು. ಕಟ್ಟೆಯ ಮೇಲೆ ಹದಿನಾರು ಇಂಚಿನ ಪಾತ್ರೆ ಕೂತಾಗ ಅದರ ಬಾಯಿ ಹೆಚ್ಚುಕಡಿಮೆ ಅವಳ ಕತ್ತಿಗೆ ಬಂತು. ಹಿಟ್ಟಿನ ಕೋಲು ತಲೆಯ ಮೇಲಕ್ಕೆ ಹೋಯಿತು. ಮೈಭಾರ ಬಿಟ್ಟು ಅದುಮಿದರೆ ತಾನೆ ಹಿಟ್ಟು ಹದವಾಗುವುದು? ಕೈ ನೋಯುವವರೆಗೂ ತೊಳಸಿದಳು. ಮುದ್ದೆ ಕಟ್ಟಿ ಮುರಿದು ನೋಡಿದರೆ ಒಳಗೆ ಬಿಳಿ ಹಿಟ್ಟಿನ ಗಂಟು. ಮಾರಕ್ಕ ಕೋಲು ಕೆಳಗಿಟ್ಟು ಬಾಗಿಲ ಹತ್ತಿರ ಹೋಗಿ ನಿಂತಳು. ಕರಿಯಪ್ಪ ತಾನು ನಕ್ಷೆಯಲ್ಲಿದ್ದಷ್ಟೇ ಕಟ್ಟಿದ್ದೆಂದು ಆಗಲೇ ಹೇಳಲು ಶುರು ಮಾಡಿದ್ದ.

"ತಪ್ಪು ನಂದೇ ಮೇಸ್ತ್ರಿ," ಎಂದಳು ಗಿರಿಜಾಂಬ. "ಕಟ್ಟೆ ಅಳೆದೆ, ಮಾರಕ್ಕನ್ನ ಅಳೀಲಿಲ್ಲ. ಒಡೀರಿ."

ಮಾರನೆಯ ದಿನ ಅದೇ ಜಾಗದಲ್ಲಿ ಸಿಮೆಂಟಿಲ್ಲದೆ ಬರೀ ಇಟ್ಟಿಗೆ ಜೋಡಿಸಿದರು. ಒಂದರ ಮೇಲೊಂದು ಹತ್ತು ವರಸೆಯಿಂದ ಶುರು. ಒಂದೊಂದು ಎತ್ತರಕ್ಕೂ ಸಣ್ಣ ಎಸರು, ಒಂದೊಂದು ಸಲವೂ ನಿಜವಾದ ಹಿಟ್ಟು. ಮಾರಕ್ಕ ತೊಳಸುವುದು, ಬೇಡವೆಂದು ತಲೆಯಾಡಿಸುವುದು, ಆಳುಗಳು ಒಂದು ವರಸೆ ತೆಗೆಯುವುದು. ನಡುವೆ ಗಿರಿಜಾಂಬ ದುಪಟ್ಟಾ ಸೊಂಟಕ್ಕೆ ಬಿಗಿದು ತಾನೇ ಒಂದು ಪಾತ್ರೆ ತೊಳಸಿದಳು. ಅದರ ಮುದ್ದೆ ನೋಡಿ ಕರಿಯಪ್ಪ, "ಇದು ಪಾಯಕ್ಕೆ ಹಾಕಕ್ಕಾಯ್ತದೆ ಕಣಕ್ಕ, ಒಸಿ ಜಲ್ಲಿ ಸೇರ್ಸಿದ್ರೆ," ಎಂದ. ಕಟ್ಟಿದ್ದನ್ನು ಒಡೆದದ್ದಕ್ಕೆ ಮುಖ ಊದಿಸಿಕೊಂಡಿದ್ದ ನರಸಯ್ಯನೂ ನಕ್ಕ. ಕೆಟ್ಟ ಮುದ್ದೆಗಳನ್ನೆಲ್ಲ ಆಳುಗಳು ಸಾರಿನ ಜೊತೆ ತಿಂದು ಮುಗಿಸಿದರು.

ಐದು ವರಸೆಗೆ ಇಳಿದಾಗ ಮಾರಕ್ಕ ತಲೆಯಾಡಿಸಲಿಲ್ಲ. ಹದಿನೈದು ಇಂಚು. ಎರಡೂ ಕೈಯಲ್ಲಿ ಕೋಲು ಹಿಡಿದು, ಒಂದು ಕಾಲು ಮುಂದಿಟ್ಟು, ಇಡೀ ಮೈ ತೂಗಿಸಿ ತೊಳಸುತ್ತಲೇ ಹೋದಳು. ಮಂಡಿ ಬಾಗಲಿಲ್ಲ. ಪಾತ್ರೆ ಜಾರದಂತೆ ಅದರ ಕಿವಿಗೆ ಕಬ್ಬಿಣದ ಕೊಂಡಿಯೊಂದನ್ನು ಕಟ್ಟೆಯಲ್ಲೇ ಹುಗಿಯಬೇಕೆಂದು ಹೇಳಿದವನು ಕರಿಯಪ್ಪ. ಹೊಸ ಅಡುಗೆಮನೆಯ ಗ್ಯಾಸ್ ಒಲೆಯನ್ನೂ ಅದೇ ಮಟ್ಟಕ್ಕೆ ಇಳಿಸೋಣ, ಪಾತ್ರೆ ಎತ್ತುವುದು ತಪ್ಪುತ್ತದೆ, ಜರುಗಿಸಿದರೆ ಸಾಕು ಎಂದವಳು ಗಿರಿಜಾಂಬ. ಮುದ್ದೆ ಕಟ್ಟಿ ಮುರಿದರು. ಒಳಗೆಲ್ಲ ಒಂದೇ ಬಣ್ಣ.

"ಕಟ್ಟು ಕಣಪ್ಪಾ, ಇದ್ನೇ ಕಟ್ಟು," ಎಂದಳು ಮಾರಕ್ಕ. ಕಣ್ಣು ಒರೆಸಿಕೊಂಡಳು. ಹೊಗೆಯೇನೂ ಇರಲಿಲ್ಲ.

ಶ್ರಾವಣದ ಒಂದು ಶುಕ್ರವಾರ ಮೆಸ್ಸು ಶುರುವಾಯಿತು. ಮೊದಲ ದಿನವೇ ನೂರಾ ಇಪ್ಪತ್ತು ಮುದ್ದೆ, ಎಲ್ಲವನ್ನೂ ಮಾರಕ್ಕ ನಿಂತೇ ತೊಳಸಿದಳು. ಊಟಕ್ಕೆ ಬಂದವರು ಅಡುಗೆಮನೆಗೆ ಇಣುಕಿ ಇಷ್ಟು ಗಿಡ್ಡನೆಯ ಕಟ್ಟೆ ಏಕೆಂದು ಕೇಳಿದರೆ, ಕರಿಯಪ್ಪ ಅದು ತನ್ನ ಐಡಿಯಾ ಎನ್ನುತ್ತಿದ್ದ. ಗಿರಿಜಾಂಬ ಹೌದೆಂದು ತಲೆಯಾಡಿಸುತ್ತಿದ್ದಳು. ಆ ಕಟ್ಟೆ ನೋಡಿದ ಕನಕಪುರದ ಛತ್ರವೊಂದರ ಅಡುಗೆಯ ಮೀನಾಕ್ಷಮ್ಮ ತನಗೂ ಅಂಥದೇ ಬೇಕೆಂದಳು. ಆಮೇಲೆ ಚನ್ನಪಟ್ಟಣದ ಇಬ್ಬರು ಹೋಟೆಲಿನವರು ಬಂದರು.

ಗಿರಿಜಾಂಬನಿಗೆ ಈಗ ಕನಕಪುರದ ಬಸ್ ಸ್ಟ್ಯಾಂಡಿನ ಹತ್ತಿರ ಎರಡು ಕೋಣೆಯ ಆಫೀಸಿದೆ. ಮನೆಗಳ ನಕ್ಷೆ ಬರೆಯುತ್ತಾಳೆ, ಛತ್ರ ಮತ್ತು ಮೆಸ್ಸುಗಳ ಅಡುಗೆಮನೆ ಕಟ್ಟಿಸುತ್ತಾಳೆ, ವಾರದಲ್ಲಿ ನಾಲ್ಕು ದಿನ ಸೈಟಿನಲ್ಲಿರುತ್ತಾಳೆ.