ಬೆವರದ ಮಡಕೆ

“ಸಖುಬಾಯಿ ಆ ವರ್ಷ ಮಣ್ಣಿನಾಗ ಮೋಸ ಮಾಡಿದ್ಳು, ಅದಕ್ಕ ನೀರು ತಣ್ಣಗಾಗ್ಲಿಲ್ಲ.” ನಾಗಪುರದ ನಮ್ಮ ಹಳೆಯ ಮನೆಸಾಲಿನ ಕನ್ನಡದವರು ಕೂಡಿದಾಗ ಇಂದಿಗೂ ಈ ಮಾತು ಬರುತ್ತದೆ. ನಾನಿದನ್ನು ಒಪ್ಪುವುದಿಲ್ಲ. ಒಪ್ಪದಿರಲು ನನಗಿರುವ ಕಾರಣ ಬೇರೆ ಯಾರಿಗೂ ಇಲ್ಲ.

ಐವತ್ತರ ದಶಕದ ಆ ದಿನಗಳಲ್ಲಿ, ಅಪ್ಪನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೇಸಿಗೆಯೆಂದರೆ ನೀರು ಚಿಮುಕಿಸಿದ ಲಾವಂಚದ ತಟ್ಟಿಯ ಪರಿಮಳ, ಉಪ್ಪುಖಾರ ಹಚ್ಚಿದ ಮಾವಿನಕಾಯಿ, ನೆರಳಿನಲ್ಲಿ ಗೋಲಿಯಾಟ. ಗಾಂಧಿಬಾಗ್ ಪೇಟೆಯ ಬೀದಿಬದಿಯಲ್ಲಿ ಮಡಕೆ ಮಾರುವ ಸಖುಬಾಯಿ ನಮ್ಮ ಮನೆಗಳಿಗೆ ತಾನೇ ಹೊತ್ತು ತರುತ್ತಿದ್ದಳು. ಅರೆಬರೆ ಕನ್ನಡವನ್ನೂ ಕಲಿತಿದ್ದಳು.

ನನಗಾಗ ಒಂಬತ್ತು ವರ್ಷ. ಮಣ್ಣಿನ ವಾಸನೆ ಹೋಗಲೆಂದು ಅವ್ವ ಹೊಸ ಮಡಕೆಗೆ ನೀರು ತುಂಬಿಟ್ಟಾಗ ಅದರ ಮೈಯೆಲ್ಲ ಒದ್ದೆಯಾಯಿತು. ಸೋರುತ್ತಿದೆಯೆಂದು ಬಗೆದೆ. ಸಾರು ಕಾಸುವ ಹೊಸ ಗಡಿಗೆಗೆ ಅವ್ವ ಎಣ್ಣೆ ಸವರಿ ಪಳಗಿಸುವುದನ್ನು ಕಂಡಿದ್ದೆನಲ್ಲ! ಅವಳು ನೀರು ಚೆಲ್ಲಿ ಅಂಗಳದಲ್ಲಿ ಒಣಗಲಿಟ್ಟಿದ್ದ ಮಡಕೆಯ ಹೊರಮೈಗೆ, ಯಾರಿಗೂ ಹೇಳದೆ, ಅಗಸೆ ಎಣ್ಣೆ ತಿಕ್ಕಿದೆ. ನೆಲಕ್ಕೆ ತಾಗಿದ್ದ ತಳವಷ್ಟೇ ಉಳಿಯಿತು. ನಾಲ್ಕು ದಿನದ ಬಿಸಿಲಿಗೆ ಎಣ್ಣೆ ಒಣಗಿ ಅರಗಿನಂತೆ ಅಂಟಿಕೊಂಡಿತು.

“ಈ ಸಲ ಏನ್ ಚಲೋ ಸುಟ್ಟಾಳ!” ಎಂದಳು ಅವ್ವ, ಹೊಳಪು ನೋಡಿ.

ನೀರು ತುಂಬಿದ ಮರುದಿನ ಅಪ್ಪ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು. ಸಖುಬಾಯಿ ಬಂದಾಗ ನೆರೆಯವರೆಲ್ಲ ಸೇರಿದರು.

“ಏನವ್ವಾ, ಚಾ ಕಾಸೂ ಗಡಿಗಿ ಕೊಟ್ಟೀಯೇನು?” ಅಪ್ಪನ ಮಾತಿಗೆ ಎಲ್ಲರೂ ನಕ್ಕರು.

“ಮಡಕಿ ಬೆವರಬೇಕು ಸಾಹೇಬ್, ಬೆವರಿದ್ರ ಥಂಡಾ. ಇದು ಬೆವರಂಗಿಲ್ಲ ಅಂದ್ರ…” ಎನ್ನುತ್ತ ಅವಳು ಮಡಕೆಯನ್ನು ಸವರಿ ಬೆರಳು ಮೂಸಿದಳು. ಅವಳ ಕಣ್ಣು ನನ್ನ ಅಂಗಿಯ, ಒಗೆದರೂ ಹೋಗದ ಎಣ್ಣೆಕಲೆಯ ಮೇಲೆ ನಿಂತಿತು.

“ಅಂದ್ರ?” ಅಪ್ಪ ಗದರಿದರು.

“ಏನಿಲ್ಲ. ಬ್ಯಾರೇದು ಕೊಡ್ತೀನಿ.”

ಕೊಟ್ಟಳು. “ಗದರಿಸಿದ ಮ್ಯಾಲೆ ಬರೋಬರ್ ಚಲೋದು ತೆಗದ್ಳು ನೋಡ್ರಿ,” ಎಂದರು ಪಕ್ಕದ ಮನೆಯವರು. ನಾನು ಬಾಯಿ ಬಿಡಲಿಲ್ಲ. ಮುಂದೆ ನಮ್ಮ ಸಾಲಿನಲ್ಲಿ ಯಾರೂ ಅವಳಿಂದ ಕೊಳ್ಳಲಿಲ್ಲ.

ಬೆಳೆದ ಮೇಲೆ, ಶಾಲೆ ಕಲಿಸದ್ದನ್ನು ನಾನೇ ಓದಿಕೊಂಡೆ. ಎರಡು ಮಡಕೆ ತಂದು ಒಂದಕ್ಕೆ ಎಣ್ಣೆ ಬಳಿದು ಪರೀಕ್ಷಿಸಿದೆ. ರಂಧ್ರಗಳಿಂದ ಒಸರಿದ ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಒಯ್ಯುತ್ತದೆ. ಎಣ್ಣೆ ಆ ದಾರಿಯನ್ನೇ ಕಟ್ಟುತ್ತದೆ. ತಿಳಿದ ಮೇಲೂ ನಾಚಿಕೆಯಿಂದ ಸುಮ್ಮನಿದ್ದೆ. ಕೊನೆಗೆ ಗಾಂಧಿಬಾಗಿಗೆ ಹೋದಾಗ, ಅವಳು ಕೂರುತ್ತಿದ್ದಲ್ಲಿ ಪ್ಲಾಸ್ಟಿಕ್ ಡಬ್ಬಗಳ ಅಂಗಡಿಯಿತ್ತು. ಅವಳ ಹೆಸರು ಬಲ್ಲವರಿರಲಿಲ್ಲ.

ನಾನು ಎಣ್ಣೆ ತಿಕ್ಕಿದ, ಆಮೇಲೆ ಅವ್ವ ಗೋಧಿ ತುಂಬಿಡಲು ಉಳಿಸಿಕೊಂಡ ಆ ಮಡಕೆ ಧರಮಪೇಠದ ನನ್ನ ಮನೆಯಲ್ಲಿದೆ. ಯಾರು ಬೇಕಾದರೂ ಬಂದು ಅದರ ಹೊಟ್ಟೆಯ ಮೇಲೆ ನೀರು ಹನಿಸಲಿ, ಜಾರಿ ಬೀಳುತ್ತದೆ. ಆಮೇಲೆ ಬೋರಲು ಹಾಕಿ, ನನ್ನ ಕೈ ಮುಟ್ಟದ ತಳಕ್ಕೆ ಹನಿಸಲಿ. ಸಖುಬಾಯಿಯ ಮಣ್ಣು ಆ ನೀರನ್ನು ಈಗಲೂ ಹೀರಿಕೊಳ್ಳುತ್ತದೆ.