ಕೇಪಿನ ಮೇಲೆ ಅತ್ತೆಯ ಹೆಸರು

ಟ್ರೇಸಿ ಕೊಟ್ಟುಹೋದ ಚೀಟಿಯನ್ನು ದೀಪಶ್ರೀ ಮೊದಲು ಓದಲೇ ಇಲ್ಲ. ಹೊಲಿಯುವವರು ಹೆಸರು ಓದುವುದಿಲ್ಲ, ಅಕ್ಷರದ ಆಕಾರ ನೋಡುತ್ತಾರೆ. ಹೆಗಲ ಮೇಲಿಂದ ಇಳಿಬೀಳುವ ಕಪ್ಪು ಸ್ಯಾಟಿನ್ ಕೇಪಿನ ಬೆನ್ನಿನ ಮೇಲೆ, ಈ ಭುಜದಿಂದ ಆ ಭುಜದವರೆಗೆ, ಕೆಂಪು ಚಮಕಿಯಲ್ಲಿ ಎಂಟು ಇಂಗ್ಲಿಷ್ ಅಕ್ಷರ ಬರಬೇಕಿತ್ತು. ಶನಿವಾರದ ಶೋಗೆ ಬೇಕೇ ಬೇಕು. ಚಾಕಿನಲ್ಲಿ ಒಂದೊಂದೇ ಅಕ್ಷರ ಬರೆದುಕೊಳ್ಳುತ್ತ ಐದನೆಯದಕ್ಕೆ ಬಂದಾಗ ಅವಳ ಕಿವಿ ಬಿಸಿಯಾಯಿತು. ಚೀಟಿ ಎತ್ತಿ ಪೂರ್ತಿ ಓದಿದಳು.

ಮಲ್ಲವ್ವ.

ಮಲ್ಲವ್ವ ಅವಳ ಅತ್ತೆ. ಆ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಮೊಮ್ಮಗಳನ್ನು ತಟ್ಟಿ ಮಲಗಿಸುತ್ತಿದ್ದಳು. ಮದುವೆಯಾಗಿ ಆರು ವರ್ಷದಲ್ಲಿ ದೀಪಶ್ರೀ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಒಂದು ಸಲ. ಆ ಒಂದು ಸಲ ಹೇಳಿದ್ದು ಇದೇ ಟ್ರೇಸಿಯ ಎದುರಿಗೆ.

ಇದು ಎರಡು ಸಾವಿರದ ಐದರ ಮಾತು. ಕೆನಡಾದ ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ಒಂದು ಕಟ್ಟಡದ ಹದಿನಾರನೇ ಮಹಡಿಯಲ್ಲಿ ಅವರ ಮನೆ. ಗಂಡ ಅಮರೇಶ ಒಶಾವಾದಲ್ಲಿ ಕಾರಿನ ಸೀಟು ಮಾಡುವ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗುತ್ತಿದ್ದ. ಧಾರವಾಡದಲ್ಲಿ ಬಿ.ಕಾಂ. ಮುಗಿಸಿದ್ದ ದೀಪಶ್ರೀ ಇಲ್ಲಿ ಕೆಳಗಿನ ಲಾಂಡ್ರಿ ರೂಮಿನ ಗೋಡೆಗೆ ಚೀಟಿ ಅಂಟಿಸಿ ಬ್ಲೌಸು, ಸಲ್ವಾರು ಹೊಲಿಯುತ್ತಿದ್ದಳು. ಯಾರದೋ ಬ್ಲೌಸಿನ ಹೊಲಿಗೆ ನೋಡಿ, ಹುಡುಕಿಕೊಂಡು ಬಂದವಳು ಟ್ರೇಸಿ. ಹಗಲು ಹಲ್ಲಿನ ಡಾಕ್ಟರ ರಿಸೆಪ್ಶನಿನಲ್ಲಿ ಕೂರುತ್ತಿದ್ದಳು. ಶನಿವಾರ ಕ್ವೀನ್ ಸ್ಟ್ರೀಟಿನ ಒಂದು ಬಾರಿನಲ್ಲಿ ಬರ್ಲೆಸ್ಕ್ ಕುಣಿತ.

ಅದು ಕುಣಿಯುತ್ತ ಬಟ್ಟೆ ಕಳಚುವ ಆಟವೆಂದು ಗೊತ್ತಾದ ದಿನ ದೀಪಶ್ರೀ ಅವಳನ್ನು ಬಾಗಿಲಿನಿಂದಲೇ ಕಳಿಸಬೇಕೆಂದಿದ್ದಳು. ಆದರೆ ಟ್ರೇಸಿ ಕೇಳಿದ ಬ್ಲೌಸಿನ ಕೆಲಸ ಅವಳ ತಲೆಯಿಂದ ಹೋಗಲಿಲ್ಲ. ಎಷ್ಟು ಕುಣಿದರೂ ಅದು ಜಗ್ಗಬಾರದು, ಒಂದು ದಾರ ಎಳೆದರೆ ಮಾತ್ರ ಇಡಿಯಾಗಿ ಕಳಚಿ ಬೀಳಬೇಕು. ಅಂಥದ್ದನ್ನು ಧಾರವಾಡದಲ್ಲಿ ಯಾರೂ ಕೇಳಿರಲಿಲ್ಲ. ಹೊಲಿದೇ ಬಿಟ್ಟಳು.

ಅಳತೆಗೆ ನಿಂತಾಗ ಟ್ರೇಸಿಯ ಬಾಯಿ ಸುಮ್ಮನಿರುತ್ತಿರಲಿಲ್ಲ. ಅವರಲ್ಲಿ ಸ್ಟೇಜಿಗೆಂದೇ ಬೇರೆ ಹೆಸರು ಇಟ್ಟುಕೊಳ್ಳುತ್ತಾರಂತೆ. ಗುಂಪಿನಲ್ಲಿ ಒಬ್ಬಳು ಅಜ್ಜಿಯ ಹೆಸರಿಗೆ ವಿಸ್ಕಿಯ ಹೆಸರು ಸೇರಿಸಿಕೊಂಡಿದ್ದಳಂತೆ. ಇನ್ನೊಬ್ಬಳದು ಲಿಪ್‌ಸ್ಟಿಕ್ಕಿನ ತಳದಲ್ಲಿ ಬರೆದಿದ್ದ ಬಣ್ಣದ ಹೆಸರು. ಮತ್ತೊಬ್ಬಳು ತಾನು ಹುಟ್ಟಿದ ಬೀದಿಯ ಹೆಸರನ್ನೇ ಇಟ್ಟುಕೊಂಡಿದ್ದಳು. "ಒಂದೇ ರೂಲು, ದೀಪಾ. ಒಬ್ಬರ ಹೆಸರು ಇನ್ನೊಬ್ಬರು ಕದಿಯೋ ಹಾಗಿಲ್ಲ. ಹೆಸರಿನವರು ಬದುಕಿದ್ದರೆ ಹೋಗಿ ಕೇಳಬೇಕು." ಟ್ರೇಸಿಯ ಹಳೇ ಸ್ಟೇಜಿನ ಹೆಸರು ಮಾಂಟ್ರಿಯಲಿನಲ್ಲಿ ಒಬ್ಬಳಿಗೆ ಮೊದಲೇ ಇತ್ತಂತೆ. ಆಕೆ ಕಾಗದ ಬರೆದ ಮೇಲೆ ಇವಳು ಹೊಸದನ್ನು ಹುಡುಕುತ್ತಿದ್ದಳು.

ಅವತ್ತೇ, ಅತ್ತೆ ಹೊರಗೆ ಹೋಗಿದ್ದಾಗ, ಮಗು ಪುಟ್ಟ ಹೆಜ್ಜೆ ಇಡುತ್ತ ಬಂದು ಟ್ರೇಸಿಯ ಕಾಲು ಹಿಡಿಯಿತು. "ಅಯ್ಯೋ ಬಂಗಾರ! ಇವಳ ಹೆಸರೇನು?"

ಮಗುವಿನ ಹೆಸರು ಸ್ಪಂದನಾ. ಆದರೆ ದೀಪಶ್ರೀಗೆ ಅದನ್ನು ಹೊರಗಿನವರಿಗೆ ಹೇಳಲು ಭಯ. ಗ್ರೋಸರಿ ಅಂಗಡಿಯ ಬಾಗಿಲಲ್ಲಿ ಕಳೆದುಹೋದ ಮಕ್ಕಳ ಫೋಟೋ ನೋಡಿ ನೋಡಿ ಹತ್ತಿದ ಭಯ ಅದು. ಹೆಸರು ಗೊತ್ತಿದ್ದರೆ ತಾನೇ ಪಾರ್ಕಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆಯುವುದು, ಮಗು ಹಿಂದೆ ಹೋಗುವುದು? ಸ್ಟ್ರೋಲರಿಗೆ ಹೆಸರು ಬರೆದಿರಲಿಲ್ಲ, ಡಾಕ್ಟರ ಆಫೀಸಿನಲ್ಲಿ ಜೋರಾಗಿ ಕರೆದರೆ ಎದ್ದು ಹೋಗಿ ಜಗಳ ತೆಗೆಯುತ್ತಿದ್ದಳು. ಬಾಯಿಗೆ ಬಂದ ಮೊದಲ ಹೆಸರು ಹೇಳಿದಳು. "ಮಲ್ಲವ್ವ."

ಟ್ರೇಸಿ ಅದನ್ನು ನಾಲ್ಕು ಸಲ ಹೇಳಿ ನೋಡಿದಳು. "ಎಷ್ಟು ಚೆಂದ! ನಾನು ಇಟ್ಟುಕೊಳ್ಳಲಾ?" ದೀಪಶ್ರೀಯ ಬಾಯಿಯ ತುಂಬ ಗುಂಡುಪಿನ್ನು. ಕೇಳಿಸಿತೋ ಇಲ್ಲವೋ, ತಲೆ ಅಲ್ಲಾಡಿಸಿದ್ದಳು.

ಈಗ ಟ್ರೇಸಿಗೆ ಫೋನು ಹಚ್ಚಿದಳು. ಅದು ಅತ್ತೆಯ ಹೆಸರೆಂದು ಆಗಲೂ ಹೇಳಲಿಲ್ಲ. "ಪಾಪುವಿನ ಹೆಸರು ಇಟ್ಟುಕೊಂಡು ಬಟ್ಟೆ ಬಿಚ್ಚುತ್ತೀಯಾ? ನಾಚಿಕೆ ಇಲ್ಲವಾ ನಿನಗೆ?"

"ನಿನ್ನನ್ನು ಕೇಳಿದ್ದೆನಲ್ಲ, ದೀಪಾ! ನೀನು ಯೆಸ್ ಅಂದೆ. ಪೋಸ್ಟರು ನಾಳೆ ಪ್ರಿಂಟಿಗೆ ಹೋಗುತ್ತೆ."

"ಹೋಗಕೂಡದು."

"ಹಾಗಾದರೆ ನಾಳೆ ಬೆಳಿಗ್ಗೆ ಬರ್ತೀನಿ. ಹೆಸರಿನವಳು ಬೇಡ ಅಂದರೆ ಬಿಟ್ಟೆ." ನಕ್ಕಳು. ಅವಳ ಪಾಲಿಗೆ ಹೆಸರಿನವಳು ಒಂದೂವರೆ ವರ್ಷದ ಕೂಸು.

ದೀಪಶ್ರೀ ಚೀಟಿಯನ್ನು ಕೇಪಿಗೇ ಚುಚ್ಚಿ, ಸುತ್ತಿ, ಮಶೀನಿನ ಹಿಂದೆ ತುರುಕಿದಳು. ಅತ್ತೆಗೆ ಗೊತ್ತಾಗದಿದ್ದರೆ ಸಾಕು. ಗೊತ್ತಾಗುವುದಾದರೂ ಹೇಗೆ? ಬೈಲಹೊಂಗಲದ ಕಡೆಯ ಮುದುಕಿಗೆ ಕನ್ನಡವೇ ಓದಲು ಬರುತ್ತಿರಲಿಲ್ಲ.

ಆದರೆ ಒಂದನ್ನು ಮರೆತಿದ್ದಳು. ಮಲ್ಲವ್ವ ಮೂರು ತಿಂಗಳಿಂದ ಕಮ್ಯುನಿಟಿ ಸೆಂಟರಿನ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಅವಳು ಬರೆಯಲು ಕಲಿತದ್ದು ಒಂದೇ ಮಾತು, ತನ್ನ ಹೆಸರು. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಅದನ್ನು ಹಳೇ ಕ್ಯಾಲೆಂಡರಿನ ಹಿಂದೆ, ಹಾಲಿನ ಡಬ್ಬಿಯ ಮೇಲೆ, ಸಿಕ್ಕಲ್ಲೆಲ್ಲ ಬರೆಯುತ್ತಿತ್ತು. ಇಡೀ ಕೆನಡಾದಲ್ಲಿ ಅವಳು ಓದಬಲ್ಲ ಮಾತು ಅದೊಂದೇ.

ಮರುದಿನ ಬೆಳಿಗ್ಗೆ ಕಸ ಹೊಡೆಯುವಾಗ ಮಶೀನಿನ ಹಿಂದೆ ಪೊರಕೆಗೆ ಕೇಪು ಸಿಕ್ಕಿತು. ಮಲ್ಲವ್ವ ಅದನ್ನು ಕೊಡವಿ, ಚುಚ್ಚಿದ್ದ ಚೀಟಿ ಕಾಣುವಂತೆ ಎತ್ತಿ ಹಿಡಿದಳು.

"ಇದರಾಗ ನನ್ನ ಹೆಸರ ಯಾಕೈತಿ?"

"ಅದು... ಬ್ಯಾರೇರದ್ರಿ ಅತ್ತಿ."

"ನನಗ ಇದೊಂದಽ ಬರೂದು ಓದಾಕ. ಇದರಾಗೂ ಸುಳ್ಳ ಹೇಳತಿಯೇನ?"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಟ್ರೇಸಿ. ಒಳಗೆ ಬಂದವಳು ಇಬ್ಬರ ಮುಖ ನೋಡಿ, ಕೈಯಲ್ಲಿದ್ದ ಕಾಫಿ ಕಪ್ಪನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ದೀಪಶ್ರೀ ಇಂಗ್ಲಿಷಿನಲ್ಲಿ ಉಗುಳಿದಳು: "ಅದು ಪಾಪುವಿನ ಹೆಸರಲ್ಲ. ಇವರದು. ನನ್ನ ಅತ್ತೆಯದು." ಟ್ರೇಸಿ ಮಲ್ಲವ್ವನ ಕಡೆ ತಿರುಗಿ, ಕಪ್ಪನ್ನು ನೆಲದ ಮೇಲಿಟ್ಟು, ಎರಡೂ ಕೈ ಜೋಡಿಸಿದಳು.

"ಯಾರ ಈಕಿ? ಏನ ಮಾಡತಾಳ ನನ್ನ ಹೆಸರ ಇಟ್ಕೊಂಡು?"

"ಕುಣೀತಾಳ್ರಿ."

"ಕುಣೀಲಿ. ಅದಕ್ಯಾಕ ಮಾರಿ ಸಣ್ಣ ಮಾಡಿದಿ?"

"ಕುಣಕೋತ ಮೈಮ್ಯಾಲಿನ ಅರಿವಿ ಒಂದೊಂದಽ ತಗೀತಾಳ್ರಿ."

"ಎಲ್ಲಾ?"

"ಎಲ್ಲಾ ಅಲ್ರಿ."

ಮಲ್ಲವ್ವ ಟ್ರೇಸಿಯನ್ನು ಮೇಲಿಂದ ಕೆಳಗೆ ನೋಡಿದಳು. "ಆಕಿ ಮೈ, ಆಕಿ ಅರಿವಿ. ಬೇಕಾದ್ದ ಮಾಡ್ಲಿ. ನನ್ನ ಹೆಸರ ಆಕಿಗೆ ಕೊಟ್ಟಾಕಿ ಯಾರು?"

ದೀಪಶ್ರೀ ಹೇಳಿದಳು. ಮಗುವಿನ ಹೆಸರು ಕೇಳಿದ್ದು, ತಾನು ಹೆದರಿದ್ದು, ಬಾಯಿಗೆ ಬಂದದ್ದು. ಹೇಳುತ್ತ ಹೇಳುತ್ತ ಅವಳಿಗೇ ಸಿಟ್ಟು ಬಂತು. "ನಾ ಏನ ಮಾಡ್ಲಿ? ನನ್ನ ಕೂಸಿನ ಜ್ವಾಕಿ ನಾನಽ ಮಾಡಬೇಕಲ್ಲ! ನಿಮಗ ಗೊತ್ತಿಲ್ರಿ ಇಲ್ಲಿ ಏನೇನ ಆಗತೈತಿ ಅಂತ!"

"ಗೊತ್ತಾತು ಬಿಡು. ಯಾರರ ಕಣ್ಣ ಬೀಳೂದಾದ್ರ ಕೂಸಿನ ಮ್ಯಾಲ ಬೀಳಬಾರದು, ಈ ಮುದುಕಿ ಮ್ಯಾಲ ಬೀಳ್ಲಿ. ಯಾರರ ಹೆಸರ ಹಿಡದ ಕರಕೊಂಡು ಹೋಗೂದಾದ್ರ ನನ್ನ ಕರಕೊಂಡು ಹೋಗ್ಲಿ. ಹೌದಿಲ್ಲೋ?"

ಹಾಗೆಂದು ದೀಪಶ್ರೀ ಯೋಚಿಸಿರಲಿಲ್ಲ. ಆದರೆ ಅಲ್ಲವೆನ್ನಲೂ ಆಗಲಿಲ್ಲ, ಅದಕ್ಕೇ ಮೈಯೆಲ್ಲ ಉರಿಯಿತು.

"ಮದುವ್ಯಾದ ದಿನದಿಂದ ನಾ ಗೌಡ್ತಿ, ಆಮ್ಯಾಲ ಅಮರೇಶನ ಅವ್ವ, ಈಗ ಆಯಿ. ನಲವತ್ತ ವರ್ಷದ ಮ್ಯಾಲ ನನ್ನ ಹೆಸರ ಹಿಡದ ಕರದಾಕಿ ಆ ಕ್ಲಾಸಿನ ಟೀಚರವ್ವ ಒಬ್ಬಾಕಿ. ಯೆಸ್ ಅಂತ ಎದ್ದ ನಿಂತೇನಿ ನಾ, ಗೊತ್ತೈತೇನ? ಅಂಥಾ ಹೆಸರ ನೀ ಬಾಗಲದಾಗ ಭಿಕ್ಷಾ ನೀಡಿದಂಗ ನೀಡಿದಿ."

ಟ್ರೇಸಿಗೆ ಒಂದು ಮಾತೂ ತಿಳಿಯಲಿಲ್ಲ, ಧ್ವನಿ ಮಾತ್ರ ತಿಳಿಯಿತು. "ಅವರು ಬೇಡ ಅಂದರೆ ಬೇಡ. ಈಗಲೇ ಪ್ರಿಂಟರಿಗೆ ಫೋನು ಮಾಡ್ತೀನಿ. ಹೆಸರಿಲ್ಲದೇ ಕುಣೀತೀನಿ, ಸಾರಿ ಅಂತ ಹೇಳು."

ದೀಪಶ್ರೀ ಅದನ್ನು ಅನುವಾದಿಸಿದಳು. ಸದ್ಯ ಮುಗಿಯಿತಲ್ಲ ಎಂದುಕೊಂಡಳು.

"ಹೆಸರಿಲ್ದಽ ಹೆಂಗ ಕುಣೀತಾಳ ಪಾಪ?" ಮಲ್ಲವ್ವ ಚೀಟಿಯನ್ನು ಕೇಪಿನಿಂದ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಟ್ರೇಸಿಯ ಹೆಗಲು ತಟ್ಟಿ, ಸೊಸೆಯ ಕಡೆ ಬೆರಳು ತೋರಿಸಿ, ಕ್ಲಾಸಿನಲ್ಲಿ ಟೀಚರು ಹೇಳಿಕೊಡುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ದೀಪ... ಶ್ರೀ. ಟೇಕ್."

"ಅತ್ತಿ!"

"ಯಾಕ? ನೀ ನಂದ ಕೊಟ್ಟಿ. ನಾ ನಿಂದ ಕೊಟ್ಟೆ."

ಟ್ರೇಸಿ ಈಗ ದೀಪಶ್ರೀಯ ಕಡೆ ತಿರುಗಿದಳು. ಹೆಸರಿನವಳು ಎದುರಿಗೇ ಇದ್ದಳು, ಕೇಳಲೇಬೇಕಿತ್ತು. "ನಿಜವಾಗಲೂ? ಈ ಸಲ ಬಾಯಿಬಿಟ್ಟು ಹೇಳು."

ಮಲ್ಲವ್ವ ಪೊರಕೆ ಹಿಡಿದುಕೊಂಡು ನೋಡುತ್ತಿದ್ದಳು. ಇಲ್ಲವೆಂದರೆ ಅತ್ತೆಯ ಹೆಸರು ಅಗ್ಗದ್ದು, ತನ್ನದು ಮಾತ್ರ ತುಟ್ಟಿಯದು ಎಂದು ಅವಳೆದುರೇ ಒಪ್ಪಿಕೊಂಡಂತೆ. ದೀಪಶ್ರೀ ಹಲ್ಲು ಕಚ್ಚಿಕೊಂಡೇ "ಯೆಸ್" ಅಂದಳು.

ಬಾಗಿಲು ದಾಟುವಾಗ ಟ್ರೇಸಿ ತಿರುಗಿ ನಿಂತಳು. ಮಗು ನಿದ್ದೆಯಿಂದ ಎದ್ದು ಬಂದು ಅಜ್ಜಿಯ ಕಾಲಿಗೆ ಜೋತುಬಿದ್ದಿತ್ತು. "ಹಾಗಾದರೆ ಪಾಪುವಿನ ಹೆಸರೇನು, ದೀಪಾ?"

"ಅದು ನಿನಗೆ ಬೇಡ," ಎಂದು ದೀಪಶ್ರೀ ಬಾಗಿಲು ಹಾಕಿ, ಚಿಲಕವನ್ನೂ ಹಾಕಿದಳು.

ಆಮೇಲೆ ಮಶೀನಿನ ಮುಂದೆ ಕೂತು ಚಾಕಿನ ಐದು ಅಕ್ಷರಗಳನ್ನು ಒದ್ದೆ ಬಟ್ಟೆಯಿಂದ ಗಸಗಸ ಉಜ್ಜಿದಳು. ಅವಳ ಹೆಸರಿಗೆ ಇಂಗ್ಲಿಷಿನಲ್ಲಿ ಹತ್ತು ಅಕ್ಷರ. ಎರಡು ಸಲ ಅಳೆದಳು.

"ಹಿಡಸೂದಿಲ್ಲಿದು," ಎಂದು ಯಾರಿಗೋ ಬೈದಂತೆ ಅಂದಳು.

"ಸಣ್ಣಗ ಬರಿ," ಎಂದು ಮಲ್ಲವ್ವ ಒಳಗಿನಿಂದ ಅಂದಳು.