ಅಟ್ಟದ ಗವಾಕ್ಷಿ ಮುಚ್ಚಿದ ಚಳಿಗಾಲ

ದೀಪಾವಳಿ ಕಳೆದ ಮರುದಿನವೇ ನಮ್ಮ ಮನೆಯಲ್ಲಿ ಚಳಿಗಾಲದ ಕೆಲಸ ಶುರು. ಅದು ಒಂದು ದಿನವೂ ಹಿಂದೆಮುಂದೆ ಆದದ್ದಿಲ್ಲ. ಈ ಶಿಸ್ತು ನನಗೆ ತವರಿನಿಂದ ಬಂದದ್ದು. ಸೈನ್ಯದಲ್ಲಿದ್ದು ಬಂದ ನಮ್ಮ ತಂದೆ ಮಾಯಸಂದ್ರದ ಬಾಡಿಗೆ ಮನೆಯಲ್ಲಿ ಬೆಳಗಿನ ಐದಕ್ಕೆ ಎಲ್ಲರನ್ನೂ ಎಬ್ಬಿಸಿ, ಹಾಸಿಗೆ ಸುತ್ತಿಟ್ಟ ಮೇಲೆಯೇ ನಮ್ಮನ್ನು ಮಾತಾಡಿಸುತ್ತಿದ್ದರು. ಆದರೆ ನಮಗೆ ತೋಟವಿರಲಿಲ್ಲ. ತೆಂಗಿನ ಮನೆಯ ಪಾಠವನ್ನು ನಾನು ಕಂದಿಕೆರೆ ಕಡೆಯ ಗಂಡನ ಮನೆಯಲ್ಲಿ ಕಲಿಯಬೇಕಾಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮದುವೆಯಾಗಿ ಬಂದ ನನಗದು ಮೊದಲ ಚಳಿಗಾಲ. ಹೆಂಚಿನ ಮನೆ. ನಡುಮನೆಯ ಮೇಲೆ ಬಿದಿರು ಹಾಸಿದ ಅಟ್ಟ. ಅದರ ತುಂಬ ಕೊಬ್ಬರಿಗೆಂದು ಸುಲಿಯದೆ ಮಟ್ಟೆಸಮೇತ ಹಾಕಿದ ಕಾಯಿ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಗಿಟುಕಾಗಿ ಚಿಪ್ಪು ಬಿಡುವವರೆಗೆ, ಹೆಚ್ಚುಕಡಿಮೆ ವರ್ಷಪೂರ್ತಿ ಅಲ್ಲೇ ಇರಬೇಕು. ಇಡೀ ಮನೆಯ ಬದುಕೇ ಆ ಅಟ್ಟದ ಮೇಲಿತ್ತು. ಅದನ್ನು ಹತ್ತುವ ಅಧಿಕಾರ ಅತ್ತೆಯೊಬ್ಬರದೇ. ಆ ವರ್ಷ ಅವರಿಗೆ ಮಂಡಿನೋವು. ಏಣಿ ನನ್ನ ಪಾಲಿಗೆ ಬಂತು. ಅದನ್ನು ನನಗೊಪ್ಪಿಸಿ ಅವರು ದಂಡಿನಶಿವರದ ಮಗಳ ಮನೆಗೆ ಹೋದರು.

ನಾನು ಸೆರಗು ಕಟ್ಟಿ ನಿಂತೆ. ಒಡೆದ ಹೆಂಚು ತೆಗೆಸಿ ಬೇರೆ ಹಾಕಿಸಿದೆ. ಬಾಗಿಲ ಸಂದಿಗೆ ಗೋಣಿಪಟ್ಟೆ ಹೊಡೆಸಿದೆ. ಕಿಟಕಿ ಚೌಕಟ್ಟಿನ ಬಿರುಕಿಗೆ ಕೆಮ್ಮಣ್ಣು ಮೆತ್ತಿದೆ. ಒಣಮಟ್ಟೆಯನ್ನು ಇಬ್ಬನಿ ತಾಕದಂತೆ ಕೊಟ್ಟಿಗೆಯೊಳಗೆ ಒಟ್ಟಿದೆ. ಬಚ್ಚಲ ಹಂಡೆಗೆ ಮರದ ಮುಚ್ಚಳ, ಒಲೆಬಾಯಿಗೆ ಅಡ್ಡ ಕಲ್ಲು. ಬಿಸಿ ಹೊರಗೆ ಓಡಬಾರದು. ಒಂದು ಹಂಡೆ ನೀರಿಗೆ ಒಂದೇ ಪುಟ್ಟಿ ಮಟ್ಟೆ ಎಂದು ಗೊತ್ತುಮಾಡಿದೆ.

ಆದರೂ ಮೇಲಿನಿಂದ ಚಳಿಗಾಳಿ ಸುರಿಯುತ್ತಿತ್ತು. ನೋಡಿದರೆ ಅಟ್ಟದ ಎರಡು ಕೊನೆಗೂ ಒಂದೊಂದು ಗವಾಕ್ಷಿ. ಎರಡಕ್ಕೂ ತೆಂಗಿನ ನಾರು ತುರುಕಿ ಮಣ್ಣು ಬಳಿದೆ. ಮನೆ ಬೆಚ್ಚಗಾಯಿತು. ನನಗೆ ಹೆಮ್ಮೆಯೋ ಹೆಮ್ಮೆ.

ವಾರಕ್ಕೊಮ್ಮೆ ಅಟ್ಟ ನೋಡುವುದೆಂದು ನಾನೇ ಹಾಕಿಕೊಂಡ ನಿಯಮ. ಎಂಟನೆಯ ಬೆಳಿಗ್ಗೆ ಹತ್ತಿದೆ. ಹೆಂಚಿನ ಒಳಮೈ ಬೆವೆತು ತೊಟ್ಟಿಕ್ಕುತ್ತಿತ್ತು. ಕಾಯಿಗಳ ಮಟ್ಟೆ ಒದ್ದೆ, ತೊಟ್ಟಿನ ಸುತ್ತ ಬಿಳಿ ಬೂಷ್ಟು. ಅದು ಒಳಗಿಳಿದರೆ ಒಂದು ವರ್ಷದ ಕೊಬ್ಬರಿ ಕೊಳೆತಂತೆಯೇ. ಆಗಲೇ ಹಾರೆ ತರಿಸಿ, ಮೆತ್ತಿದ್ದ ಮಣ್ಣು ಕೆಡವಿ ಎರಡೂ ಗವಾಕ್ಷಿ ತೆರೆದೆ. ಮಧ್ಯಾಹ್ನದ ಬಸ್ಸಿಗೆ ಬಂದ ಅತ್ತೆಗೆ, ಅವರು ಕಾಲು ತೊಳೆಯುವ ಮೊದಲೇ, ಎಲ್ಲ ಹೇಳಿದೆ.

"ಮನೇಗೆ ಕಂಬ್ಳಿ ಹೊದ್ಸೋಕೋಗಿ ಕಾಯಿ ಮೂಗು ಮುಚ್ಬುಟ್ಯಲ್ಲೇ! ಗಾಳಿ ಆಡ್ದಲೆ ಅದು ಹೆಂಗೆ ಒಣಗ್ತದೆ?" ಎಂದರು ಅತ್ತೆ.

ಜಗಲಿಯಲ್ಲಿದ್ದ ನಮ್ಮ ಯಜಮಾನರು ನಕ್ಕರು. "ಇವ್ಳಪ್ಪನ ಮಿಲಿಟ್ರೀಲಿ ಕಾಯಿಗೂ ರಗ್ಗು ಕೊಡ್ತಿದ್ರು ಕಣವ್ವ!"

"ನೀ ಸುಮ್ಕಿರ್ಲಾ. ಅವ್ಳು ವಾರಕ್ಕೇ ಹತ್ತಿ ನೋಡವ್ಳೆ. ನೀನಾಗಿದ್ರೆ ಯುಗಾದಿಗೇ ನೋಡ್ತಿದ್ದೆ," ಎಂದು ಮಗನ ಬಾಯಿ ಮುಚ್ಚಿಸಿದ ಅತ್ತೆ, ನನ್ನ ಕಡೆ ತಿರುಗಿ, "ಒಂದೊಂದ್ನೂ ಮಗ್ಗುಲು ತಿರುಗ್ಸು, ಹೋಗು," ಎಂದರು.

ಮೂರು ದಿನ ಒಂದೊಂದು ಕಾಯಿಯನ್ನೂ ಒಣ ಗೋಣಿಯಲ್ಲಿ ಒರೆಸಿ, ಮಗ್ಗುಲು ಬದಲಿಸಿದೆ. ಚಳಿಗೆ ಬೇರೆ ದಾರಿ ಹುಡುಕಿದೆ. ತೆಂಗಿನ ಗರಿ ಹೆಣೆದು ತಡಿಕೆ ಮಾಡಿ, ನಾವು ಮಲಗುವ ಕಡೆಗೆ ಮಾತ್ರ, ಅಟ್ಟಕ್ಕಿಂತ ಒಂದು ಮೊಳ ಕೆಳಗೆ ಕಟ್ಟಿಸಿದೆ. ಮೇಲೆ ಕಾಯಿಗೆ ಗಾಳಿ, ಕೆಳಗೆ ನಮಗೆ ಬೆಚ್ಚಗೆ.

ಯುಗಾದಿ ಕಳೆದ ಮೇಲೆ ಕಾಯಿ ಇಳಿಸಿದೆವು. ಅತ್ತೆ ನೆರಳಿನಲ್ಲಿ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲುಗಿಸಿದರು. ನೀರಿನ ಸದ್ದಿಲ್ಲ, ಒಳಗೆ ಗಿಟುಕು ಮಾತ್ರ ಲೊಟಗುಟ್ಟುತ್ತಿತ್ತು. ಕೆಟ್ಟದ್ದೆಲ್ಲ ಸೇರಿದರೂ ಒಂದು ಮಂಕರಿ ತುಂಬಲಿಲ್ಲ. ಕೊಟ್ಟಿಗೆಯಲ್ಲಿ ಮಟ್ಟೆ ಇನ್ನೂ ಎದೆಮಟ್ಟ ಉಳಿದಿತ್ತು.

ಪಕ್ಕದ ಮನೆಯಾಕೆ ನಡುಮನೆಗೆ ಬಂದು ತಡಿಕೆಯನ್ನು ನೋಡುತ್ತ ನಿಂತಳು. "ಇದೇನಕ್ಕ ಇದು, ಮನೆಯೊಳ್ಗೆ ಚಪ್ರ?"

"ನನ್ ಸೊಸೆ ಕಟ್ಸಿದ್ದು ಕಣೇ. ನಿಮ್ಮನೇಗೂ ಬೇಕಂದ್ರೆ ಅವ್ಳನ್ನೇ ಕೇಳು. ಅಟ್ಟದ ಯೆವಾರ ಎಲ್ಲಾ ಈಗ ಅವ್ಳದ್ದೇ."

ಅಷ್ಟರಲ್ಲಿ ಅತ್ತೆಯ ಮಂಡಿ ವಾಸಿಯಾಗಿತ್ತು. ಏಣಿಯನ್ನು ಮಾತ್ರ ಅವರು ಮತ್ತೆ ಕೇಳಲಿಲ್ಲ.